ಹೆಂಡತಿಯ ಪರವಾಗಿ ಊದಿದ್ದು

"ಬೇಗ ಊದಿ ಮಾರಾಯ್ರೆ, ಮೊಬೈಲು ಕಾಯ್ತಾ ಉಂಟು" ಎಂದಳು ಜಲಜಾಕ್ಷಿ.

ಪ್ರೇಮನಾಥ ಬಾಗಿಲ ಚಿಲಕವನ್ನು ಮತ್ತೊಮ್ಮೆ ನೋಡಿ ಬಂದ. ಕಿಟಕಿಯ ಪರದೆ ಎಳೆದ. ಆಮೇಲೆ ಉಸಿರಿನ ಬಲ ಅಳೆಯುವ ಪ್ಲಾಸ್ಟಿಕ್ ಕೊಳವೆಯನ್ನು ಬಾಯಿಗಿಟ್ಟು, ಮುಖ ಕೆಂಪಾಗುವಷ್ಟು ಬಲವಾಗಿ ಊದಿದ. ಕೊಳವೆಯ ಮೇಲಿನ ಮುಳ್ಳು ಜಿಗಿದು ಇನ್ನೂರ ನಲವತ್ತಕ್ಕೆ ನಿಂತಿತು. ಜಲಜಾಕ್ಷಿ ಅದನ್ನು ಮೊಬೈಲಿಗೆ ಒತ್ತಿದಳು. ಅಂಕಿ ಡೊಂಬಿವಲಿಯ ಆ ಎರಡು ಕೋಣೆಯ ಮನೆಯಿಂದ ಘೋಡಬಂದರ್ ರಸ್ತೆಯ ಡಾಕ್ಟರರ ಕಂಪ್ಯೂಟರಿಗೆ ಹಾರಿತು.

ಇದು ಮೋಸ. ಪ್ರೇಮನಾಥನಿಗೆ ಅದು ಚೆನ್ನಾಗಿ ಗೊತ್ತಿತ್ತು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವನು ಅವನು. ಪಕ್ಕದವನ ಉತ್ತರ ಅಪ್ಪಿತಪ್ಪಿಯೂ ಕಣ್ಣಿಗೆ ಬೀಳದಿರಲಿ ಎಂದು ಎಡಗೈ ಅಡ್ಡ ಹಿಡಿದು ಪರೀಕ್ಷೆ ಬರೆದಿದ್ದ. ನೌಪಾಡಾದ ಹೋಟೆಲಿನಲ್ಲಿ ಮ್ಯಾನೇಜರ್ ಆದ ಮೇಲೂ, ಬಿಲ್ಲು ಬರೆದು ಮೂರು ಸಲ ಕೂಡಿಸಿ ನೋಡುವವನು. ಈಗ ಈ ವಯಸ್ಸಿನಲ್ಲಿ ಹೆಂಡತಿಯ ಪರೀಕ್ಷೆಯನ್ನು ತಾನು ಬರೆಯುತ್ತಿದ್ದ.

ಶುರುವಾದದ್ದು ಕನ್ನಡ ಸಂಘದ ಉಸಿರಾಟ ತಪಾಸಣೆಯ ಶಿಬಿರದಲ್ಲಿ. ಅವನು ಹೋದದ್ದು ಹೆಂಡತಿಗೆ ಜೊತೆಯಾಗಿ, ಅಷ್ಟೆ. ಅವನ ಮಟ್ಟಿಗೆ ಕೆಮ್ಮೆಂದರೆ ಒಗ್ಗರಣೆಯ ಘಾಟು. ಬಾಯಿಗಿಟ್ಟು ಮದ್ದು ಎಳೆದುಕೊಳ್ಳುವ ಪಂಪ್ ಎಂದರೆ ಮನುಷ್ಯನ ಕಥೆ ಮುಗಿಯಿತು ಎಂದೇ ಲೆಕ್ಕ. ಸಾಲಿನಲ್ಲಿ ನಿಂತ ತಪ್ಪಿಗೆ ಅವನಿಂದಲೂ ಊದಿಸಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು. ವರದಿ ಬರುವ ಮೊದಲೇ ಅವನು ಡ್ಯೂಟಿಗೆಂದು ಲೋಕಲ್ ರೈಲು ಹಿಡಿಯಲು ಓಡಿದ್ದ. ಸಂಜೆ ಬಂದರೆ ಜಲಜಾಕ್ಷಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು.

"ನನಗೆ ಅಸ್ತಮಾ ಅಂತೆ. ದಿನಾ ಎರಡು ಹೊತ್ತು ಊದಿ ಅಂಕಿ ಕಳಿಸ್ಬೇಕಂತೆ. ಕಮ್ಮಿ ಬಂದ್ರೆ ಅಡ್ಮಿಟ್! ನನ್ನಿಂದ ಆಗುದಿಲ್ಲಪ್ಪ, ನೀವೇ ಊದಿ."

ಆಸ್ಪತ್ರೆಯ ಹೆಸರು ಕೇಳಿದ್ದೇ ಅವನು ಊದಿದ.

ಪಂಪಿನದು ಇನ್ನೊಂದು ರಗಳೆ. ಬಳಸುವ ಕ್ರಮವನ್ನು ಆಪ್‌ನ ವಿಡಿಯೊ ಮರಾಠಿಯಲ್ಲಿ ಹೇಳಿಕೊಡುತ್ತಿತ್ತು. ಇಪ್ಪತ್ತೈದು ವರ್ಷ ತರಕಾರಿ ಮಾರುವ ಭಾಜಿವಾಲರ ಜೊತೆ ಮರಾಠಿಯಲ್ಲೇ ಜಗಳವಾಡಿ ಗೆದ್ದ ಜಲಜಾಕ್ಷಿಗೆ ಅದೊಂದು ಮಾತ್ರ ಅರ್ಥವಾಗಲಿಲ್ಲ.

"ಒಮ್ಮೆ ಮಾಡಿ ತೋರಿಸಿ" ಎಂದಳು.

ಅವಳು ಮೊಬೈಲು ಎತ್ತಿ ಹಿಡಿದಳು. ಅದನ್ನು ಅವನ ಕೈಗೆ ಕೊಡುತ್ತಿರಲಿಲ್ಲ, ಏನಾದರೂ ಒತ್ತಿ ಕೆಡಿಸುತ್ತೀರಿ ಎನ್ನುತ್ತಿದ್ದಳು. ಪ್ರೇಮನಾಥ ನಾಲ್ಕು ಸಲ ನೋಡಿ, ಕಾಗದದಲ್ಲಿ ಬರೆದುಕೊಂಡು, ಪಂಪ್ ಅಲ್ಲಾಡಿಸಿ, ಉಸಿರು ಬಿಟ್ಟು, ಒತ್ತಿ, ಎಳೆದು, ಹತ್ತು ಎಣಿಸುವವರೆಗೆ ಹಿಡಿದ. ಆಮೇಲೆ ಗಾಬರಿಯಾದ.

"ಅಯ್ಯೋ, ನಿನ್ನ ಮದ್ದು ನನ್ನೊಳಗೆ ಹೋಯ್ತಲ್ಲ ಮಾರಾಯ್ತಿ!"

"ಒಂದು ಸಲಕ್ಕೆ ಎಂತ ಆಗ್ತದೆ? ಬಾಯಿ ಮುಕ್ಕಳಿಸಿ ಬನ್ನಿ."

ಮರುದಿನ ಅವಳಿಗೆ ಪಾಠ ಮರೆತಿತ್ತು. ಅದರ ಮರುದಿನವೂ. ಬೆಳಿಗ್ಗೆ ಕಲಿತದ್ದು ಸಂಜೆಗೆ ಇರುತ್ತಿರಲಿಲ್ಲ, ಅವನು ಮತ್ತೆ ಎಳೆದು ತೋರಿಸಬೇಕಾಗುತ್ತಿತ್ತು. ಇಂಥ ದಡ್ಡ ವಿದ್ಯಾರ್ಥಿ ರಾತ್ರಿಶಾಲೆಯಲ್ಲೂ ಇರಲಿಲ್ಲವಲ್ಲ ಎಂದು ಅವನಿಗೆ ಮರುಕ. ನೀನು ಯಾವಾಗ ತೆಗೆದುಕೊಳ್ಳುತ್ತೀ ಎಂದು ಕೇಳಿದರೆ, "ನೀವು ನೋಡ್ತಾ ಇದ್ರೆ ನಾಚಿಕೆ" ಎಂದು ಪಂಪ್ ಹಿಡಿದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅಂಕಿ ಏರಿತು. ಇನ್ನೂರ ತೊಂಬತ್ತು. ಮುನ್ನೂರ ಐವತ್ತು. ಮೂರನೆಯ ತಿಂಗಳಿಗೆ ನಾನೂರ ಇಪ್ಪತ್ತು. ಎಲ್ಲ ಅಭ್ಯಾಸಬಲ ಎಂದುಕೊಂಡ ಪ್ರೇಮನಾಥ. ರಬಾಳೆಯ ಆಫೀಸಿನಿಂದ ಬಂದ ಮಗಳು ಸೋನಾಲಿ ಆಪ್ ತೆರೆದು, "ಪಪ್ಪಾ, ಏಕ್‌ದಮ್ ಮಸ್ತ್! ಗ್ರಾಫ್ ಊಪರ್ ಜಾ ರಹಾ ಹೈ" ಎಂದು ಅಮ್ಮನ ಮುಖ ನೋಡಿ ನಕ್ಕಳು. ಅವಳಿಗೂ ಮೋಸ ಗೊತ್ತು ಎಂದು ಅವನಿಗೆ ಮೈಯೆಲ್ಲ ನಾಚಿಕೆಯಾಯಿತು.

ಆಗ ದವಾಖಾನೆಯಿಂದ ಸಂದೇಶ ಬಂತು. ಸೋನಾಲಿ ಓದಿ ಹೇಳಿದಳು: ಅಂಕಿ ಚೆನ್ನಾಗಿದೆ, ಬಂದು ಕಾಣಿ, ಮದ್ದು ಕಡಿಮೆ ಮಾಡಬಹುದು.

ಪ್ರೇಮನಾಥನ ನಿದ್ದೆ ಹಾರಿತು. ತನ್ನ ಉಸಿರು ನೋಡಿ ಅವಳ ಮದ್ದು ಇಳಿಸುತ್ತಾರೆ! ನಾಳೆ ಅವಳಿಗೆ ಉಸಿರು ಕಟ್ಟಿದರೆ ಯಾರು ಹೊಣೆ? ಕಟ್ಟಡದ ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತು ನೆರೆಯವರ ಯೋಗಕ್ಷೇಮ ಕೇಳುವುದು ಅವನ ಹಳೆಯ ರೂಢಿ. ಆ ವಾರ ಚಿಂತೆಯಲ್ಲಿ ಅದೂ ಮರೆತು, ಒಂದೇ ಉಸಿರಿಗೆ ಮೂರನೆಯ ಮಹಡಿಗೆ ಬಂದುಬಿಡುತ್ತಿದ್ದ.

"ನಾನು ಡಾಕ್ಟ್ರಿಗೆ ಹೇಳಿಬಿಡ್ತೇನೆ ಜಲಜಾ."

"ಹೇಳಿ. ಊದಿದ್ದು ನೀವು. ಪೊಲೀಸ್ ಬಂದ್ರೂ ನಿಮ್ಮನ್ನೇ ಹಿಡಿಯುದು."

ದವಾಖಾನೆಯಲ್ಲಿ ಇಬ್ಬರನ್ನೂ ಎದುರು ಕೂರಿಸಿಕೊಂಡ ಡಾಕ್ಟರ್ ರಮಿತಾ ಕಂಪ್ಯೂಟರ್ ನೋಡುತ್ತ, "ಶಾಬಾಸ್! ಇಷ್ಟು ಶಿಸ್ತಿನ ಪೇಷಂಟ್ ನನಗೆ ಇನ್ನೊಬ್ರಿಲ್ಲ" ಎಂದರು.

ಪ್ರೇಮನಾಥ ಎದ್ದು ನಿಂತ. ರಾತ್ರಿಶಾಲೆಯ ಹೆಡ್‌ಮಾಸ್ತರರ ಮುಂದೆ ನಿಂತಂತೆ ಕೈಕಟ್ಟಿದ.

"ಎಲ್ಲ ಸುಳ್ಳು ಡಾಕ್ಟ್ರೇ. ಒಂದು ಸಲವೂ ಇವಳು ಊದಲಿಲ್ಲ. ಮೂರು ತಿಂಗಳೂ ನಾನೇ ಊದಿದ್ದು. ನನಗೆ ಬೇಕಾದ ಶಿಕ್ಷೆ ಕೊಡಿ, ಇವಳ ಮದ್ದು ಮಾತ್ರ ಕಮ್ಮಿ ಮಾಡ್ಬೇಡಿ."

ಜಲಜಾಕ್ಷಿ ತಲೆಯೆತ್ತಿ ಫ್ಯಾನ್ ನೋಡತೊಡಗಿದಳು.

ಡಾಕ್ಟರ್ ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ನೀವು ಊದದೆ ಮತ್ತೆ ಯಾರು ಊದ್ಬೇಕಿತ್ತು?" ಎಂದು ಕಂಪ್ಯೂಟರನ್ನು ಅವನ ಕಡೆಗೆ ತಿರುಗಿಸಿದರು.

ಏರುತ್ತ ಹೋದ ಗೆರೆಯ ಮೇಲೆ ಬರೆದಿತ್ತು: ರೋಗಿ: ಪ್ರೇಮನಾಥ, ಐವತ್ತಮೂರು ವರ್ಷ. ದಿನಾ ಊದಿಸುವವರು: ಪತ್ನಿ ಜಲಜಾಕ್ಷಿ.