ರಜೆಯ ಗಂಜಿ

‘ಹೌದು’ ಎಂದು ಗುರುತು ಹಾಕಿದರೆ ಈಕೆಗೆ ಬಿಡಿಗಾಸೂ ಸಿಗುವುದಿಲ್ಲ. ‘ಇಲ್ಲ’ ಎಂದು ಹಾಕಿದರೆ ತಾನು ಸುಳ್ಳುಗಾರ. ಯಾವುದು? ಎರಡು ಚೌಕಗಳ ನಡುವೆ ಗುಮಾಸ್ತನ ಪೆನ್ನು ತ್ರಿಶಂಕುವಿನ ಹಾಗೆ ನಿಂತುಬಿಟ್ಟಿತ್ತು. ಶಾಲೆ ಮುಚ್ಚಿದ ಎರಡು ತಿಂಗಳು ಸಂಬಳವಿಲ್ಲದೆ ಕೂರುವ ಹಂಗಾಮಿ ಕೆಲಸಗಾರರಿಗೆಂದು ಈ ವರ್ಷವಷ್ಟೇ ಬಂದ ಸಹಾಯಧನ ಅದು. ಅರ್ಜಿಯ ಏಳನೆಯ ಪ್ರಶ್ನೆ ಇಷ್ಟೇ: ‘ರಜೆಯ ದಿನಗಳಲ್ಲಿ ಶಾಲೆಯಲ್ಲಿ ಏನಾದರೂ ಕೆಲಸ ಮಾಡಿದ್ದೀರಾ?’ ಬಂದವರೆಲ್ಲ ‘ಇಲ್ಲ’ ಎಂದು ಹೇಳಿ ಹೋಗುತ್ತಿದ್ದರು. ಹೋದ ವಾರ ಮಾಲಿಯೊಬ್ಬ ಮಾತ್ರ, ಗಿಡ ಒಣಗುತ್ತಲ್ಲ ಎಂದು ದಿನಾ ನೀರು ಹಾಕಿದೆ ಎಂದು ಬಾಯಿಬಿಟ್ಟು, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಮರಳಿದ್ದ.

“ಮಾಡಿದೀನಪ್ಪ,” ಮೇಜಿನ ಆಚೆ ಕುಳಿತ ಶಾಲೆಯ ಅಡುಗೆಯಮ್ಮ ಮೂರನೆಯ ಸಲ ಹೇಳಿದಳು. “ನಿನ್ನೆಯೂ ಒಲೆ ಹಚ್ಚಿದೆ, ಇವತ್ತೂ ಹಚ್ಚಿ ಬಂದೆ. ಮಾಡಿದ್ದನ್ನ ಮಾಡಿಲ್ಲ ಅಂದ್ರೆ ನಾಲಿಗೆ ಬಿದ್ದುಹೋಗಲ್ವಾ?”

“ನಾಲಿಗೆ ಆಮೇಲೆ ಬೀಳಲಿ ಅಜ್ಜಿ, ಮೊದಲು ಜಾಗ ಬಿಡಿ,” ಸಾಲಿನಿಂದ ಶಾಲಾ ವ್ಯಾನಿನ ಡ್ರೈವರ್ ಕೂಗಿದ. “ಶಾಲೆ ಶುರುವಾಗೋದ್ರೊಳಗೆ ನಮ್ಮ ಸರದಿ ಬರ್ಬೇಕಲ್ಲ!”

“ನಿನ್ನ ವ್ಯಾನು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದೆ ಅಂತ ಇವತ್ತು ನಿನಗೆ ಅವಸರ?”

ಸಾಲು ನಕ್ಕಿತು. ಗುಮಾಸ್ತ ನಗಲಿಲ್ಲ. ಆಕೆ ಬಂದು ಕುರ್ಚಿ ಎಳೆದುಕೊಂಡಾಗಲೇ ದನಿಯ ಗುರುತು ಹತ್ತಿತ್ತು. ಅವನು ಹುಡುಗನಾಗಿದ್ದಾಗ ರಜೆಯಲ್ಲಿ ಶಾಲೆಗೆ ಒಂದು ಬೇರೆಯೇ ಮೌನವಿರುತ್ತಿತ್ತು. ತರಗತಿಗಳಲ್ಲಿ ಬೆಂಚುಗಳು ಕಾಲು ಮೇಲೆ ಮಾಡಿ ಮಲಗಿರುತ್ತಿದ್ದವು. ಗಂಟೆಯ ಹಗ್ಗ ಯಾರೂ ಎಳೆಯದೆ ತನ್ನಷ್ಟಕ್ಕೆ ಗಾಳಿಗೆ ತೂಗುತ್ತಿತ್ತು. ಹಿಂದಿನ ಅಡುಗೆಮನೆಯ ಹೊಗೆಯೊಂದೇ ಆ ಕಟ್ಟಡದಲ್ಲಿ ಜೀವವಿದೆ ಎನ್ನುವುದಕ್ಕೆ ಸಾಕ್ಷಿ. ಅಲ್ಲಿ ಗೋಡೆಗೊರಗಿ ನಾಲ್ಕೈದು ಮಕ್ಕಳು ತಟ್ಟೆ ಹಿಡಿದು ಕೂರುತ್ತಿದ್ದರು. ಮನೆಯಲ್ಲಿ ಮಧ್ಯಾಹ್ನದ ಒಲೆ ಉರಿಯದ ಮಕ್ಕಳು. ಅವರಲ್ಲಿ ಅವನೂ ಒಬ್ಬ.

“ರಜೆಯಲ್ಲಿ ಯಾರಿಗಮ್ಮ ಅಡುಗೆ?” ಗೊತ್ತಿದ್ದೂ ಕೇಳಿದ.

“ಬರ್ತಾವಪ್ಪ ಮೂರು ನಾಲ್ಕು ಮಕ್ಕಳು. ಶಾಲೆಗೆ ರಜೆ ಕೊಟ್ಟರೆ ಹೊಟ್ಟೆಗೂ ರಜೆ ಕೊಟ್ಟ ಹಾಗಾಗುತ್ತಾ?”

“ಅಕ್ಕಿ ಶಾಲೆಯದೇ ತಾನೇ?”

“ಶಾಲೆಯದು ಎಲ್ಲಿಂದ ಬರುತ್ತೆ? ಕಡೇ ದಿನವೇ ಹೆಡ್ ಮೇಷ್ಟ್ರು ಉಗ್ರಾಣಕ್ಕೆ ಬೀಗ ಜಡಿದು ಹೋಗ್ತಾರೆ. ನನ್ನ ಹತ್ರ ಇರೋದು ಅಡುಗೆಮನೆ ಬೀಗದಕೈ ಒಂದೇ. ಅಕ್ಕಿ ನಮ್ಮನೇದು.”

“ಅಂದ್ರೆ... ಆ ಎರಡು ತಿಂಗಳ ಸಂಬಳ?”

“ಚೆನ್ನಾಗಿ ಕೇಳಿದೆ! ಶಾಲೆ ಇದ್ರೆ ಸಂಬಳ, ಇಲ್ಲಾಂದ್ರೆ ಇಲ್ಲ. ಇಪ್ಪತ್ತೇಳು ವರ್ಷದಿಂದ ಹಾಗೇ. ಅದಕ್ಕೇ ಅಲ್ವಾ ನಿಮ್ಮ ಬಾಗಿಲಿಗೆ ಬಂದಿರೋದು?”

ಈ ಮೇಜಿನ ಹಿಂದೆ ಕುಳಿತು ದಿನಕ್ಕೆ ನೂರು ಸಲ ಓದಿದ ನಿಯಮ ಅದು. ಆದರೂ ಅದು ಆ ಹಳೆಯ ಅಡುಗೆಮನೆಯವರೆಗೆ ಹೋಗುತ್ತದೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅಡುಗೆಯಮ್ಮ ತನ್ನಷ್ಟಕ್ಕೆ ನಕ್ಕಳು. “ಒಂದು ಕಾಲದಲ್ಲಿ ಕಿಲಾಡಿ ಮಕ್ಕಳಿದ್ವು. ಶಾಲೆ ಇದ್ದಾಗ ಎರಡು ಸೌಟು ಹಾಕೋಳು ರಜೆಯಲ್ಲಿ ಅರ್ಧ ಹಾಕ್ತಿದ್ದೆ. ಇರೋದೇ ಅಷ್ಟು, ಏನ್ಮಾಡ್ಲಿ? ಉಳಿದದ್ದನ್ನ ಮನೆಗೆ ಸಾಗಿಸ್ತಾಳೆ ಅಂದ್ಕೊಂಡ್ವು. ಗೋಡೆ ಮೇಲೆ ಇದ್ದಿಲಲ್ಲಿ ‘ಅರ್ಧ ಸೌಟು ಕಳ್ಳಿ’ ಅಂತ ಬರೆದಿತ್ತು ಒಂದು. ಊರೆಲ್ಲ ಅದೇ ಹೆಸರಾಯ್ತು ನೋಡು, ಸಂತೆಯಲ್ಲೂ ಹಾಗೇ ಕರೆಯೋರು.”

“ಬೇಜಾರಾಗ್ಲಿಲ್ವಾ?”

“ಆಗದೆ ಇರುತ್ತಾ? ಅಳಿಸೋಕೆ ಒದ್ದೆ ಬಟ್ಟೆ ತಗೊಂಡು ಹೋದೆ. ಆದ್ರೆ ಅಕ್ಷರ ಎಷ್ಟು ದುಂಡಗಿತ್ತು ಅಂತೀಯ! ಮುತ್ತು ಪೋಣಿಸಿದ ಹಾಗೆ. ಒಂದು ಗಳಿಗೆ ನೋಡ್ತಾ ನಿಂತೆ.”

ಗುಮಾಸ್ತ ತಾನು ಬರೆದ ಅರ್ಜಿಯ ಮೇಲೆ ಮೆಲ್ಲಗೆ ಅಂಗೈ ಚಾಚಿ ಮುಚ್ಚಿದ. ಇನ್ನೊಂದು ಕೈಯಿಂದ, ನೋಡದೆಯೇ, ‘ಇಲ್ಲ’ ಎಂಬುದರ ಮುಂದೆ ಗುರುತು ಹಾಕಿದ.

“ಓದಿ ಹೇಳು,” ಅಂದಳು ಆಕೆ. “ಕನ್ನಡಕ ಒಲೆ ಪಕ್ಕ ಮರೆತು ಬಂದಿದೀನಿ.”

ಅವನು ಅಂಗೈಯನ್ನು ಸಾಲುಸಾಲಾಗಿ ಕೆಳಗೆ ಸರಿಸುತ್ತ ಓದಿದ. ಏಳನೆಯದಕ್ಕೆ ಬಂದಾಗ ದನಿ ಸಣ್ಣದಾಯಿತು.

“ಇಲ್ಲ ಅಂತ ಹಾಕಿದೆಯಾ?”

“ಸಂಬಳ ಕೊಟ್ಟು ಮಾಡಿಸಿದ್ದಕ್ಕೆ ಮಾತ್ರ ಇಲ್ಲಿ ಕೆಲಸ ಅಂತಾರಮ್ಮ.” ನಿಯಮದಲ್ಲಿ ಹಾಗೆಂದು ಎಲ್ಲಿಯೂ ಇರಲಿಲ್ಲ.

“ಮತ್ತೆ ನಾನು ಇಷ್ಟು ವರ್ಷ ಮಾಡಿದ್ದು ಏನು?”

“ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ.”

ಆಕೆ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಗುರುತು ಹಿಡಿದಳೋ ಎಂದು ಅವನು ಅರ್ಜಿಯತ್ತ ತಲೆ ತಗ್ಗಿಸಿದ. ಆಮೇಲೆ ಬಾಗಿ, ಗೆರೆಯಿಂದ ಕೆಳಗಿಳಿದು ಹೋಗುವ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಸಹಿ ಹಾಕಿ, ಚೀಲ ಎತ್ತಿಕೊಂಡಳು. ಎದ್ದವಳು ಅಭ್ಯಾಸಬಲದಿಂದಲೋ ಏನೋ ಕೇಳಿದಳು:

“ನಿಂದು ಊಟ ಆಯ್ತಾ ಮಗಾ?”

“ಆಯ್ತಮ್ಮ.”

ಆಕೆ ಬಾಗಿಲು ದಾಟುವವರೆಗೂ ಅವನು ಅರ್ಜಿಯ ಮೇಲಿಂದ ಕೈ ತೆಗೆಯಲಿಲ್ಲ. ಡ್ರೈವರ್ ಬಂದು ಕುರ್ಚಿ ಎಳೆದುಕೊಂಡ.

ಆ ಇದ್ದಿಲು ಹಿಡಿದ ಕೈ ತನ್ನದು ಎಂದು ಅವನು ಹೇಳಲಿಲ್ಲ. ಮುಂದೆಯೂ ಎಂದೂ ಹೇಳಲಿಲ್ಲ.