ವಾರಕ್ಕೊಂದು ಮಾತ್ರೆ

"ರಾತ್ರಿ ಕನಸಲ್ಲಿ ಒಂದು ಆನೆ ನನ್ನ ಚಪ್ಪಲಿ ಮೆಟ್ಕೊಂಡು ಪೋಸ್ಟಾಫೀಸಿಗೆ ಬಂದಿತ್ತು ಕಣೋ. ಮೂರು ಸ್ಟಾಂಪು ಕೇಳ್ತು," ಎಂದಳು ಅಮ್ಮ, ಚಹಾ ಹೀರುತ್ತ.

ಗಡಿಯಾರ ರಿಪೇರಿಯವನ ಕೈಲಿದ್ದ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಆನೆ! ಅವನು ಹೆಂಡತಿಯ ಮುಖ ನೋಡಿದ. ಹೆಂಡತಿ ಸಕ್ಕರೆ ಡಬ್ಬಿಯ ಮುಖ ನೋಡಿದಳು. ಅಮ್ಮನಿಗೆ ಗುಟ್ಟು ಗೊತ್ತಾಗಿದೆ. ಇಲ್ಲದಿದ್ದರೆ ಅರವತ್ತೈದು ವರ್ಷ ಇಲ್ಲದ ಆನೆ ಈ ಸೋಮವಾರವೇ ಏಕೆ ಬರಬೇಕು?

ಮದುವೆಯಾಗಿ ಆರು ವರ್ಷ. ಅಷ್ಟರಲ್ಲಿ ಗಂಡಹೆಂಡಿರು ಇಬ್ಬರೇ ಮನೆಯಾಚೆ ಕಳೆದ ಸಮಯವನ್ನು ಅವನು ಸೆಕೆಂಡಿನ ಮುಳ್ಳು ಹಿಡಿದು ಕೂಡಿಸಿದ್ದ: ನಲವತ್ತೊಂದು ನಿಮಿಷ. ಅದೂ ಒಮ್ಮೆ ಲಿಫ್ಟು ಕೆಟ್ಟು ನಿಂತ ಪುಣ್ಯ. ಎಲ್ಲಿಗೆ ಹೊರಟರೂ "ಅಮ್ಮಾ, ನೀನೂ ಬಾ" ಎನ್ನುವುದು ಅವನ ಮರ್ಯಾದೆ. "ನೀನು ಕರೆದ ಮೇಲೆ ಇಲ್ಲ ಅನ್ನೋಕಾಗುತ್ತೇನಪ್ಪ" ಎನ್ನುವುದು ಅವಳ ಮರ್ಯಾದೆ. ಮಧುಚಂದ್ರಕ್ಕೂ ಬಂದಿದ್ದಳು. ಹೋದಲ್ಲೆಲ್ಲ ಕಿವಿಗೆ ಹತ್ತಿ ತುರುಕಿಕೊಂಡು, ಕಿಟಕಿಗೆ ಮುಖ ಮಾಡಿ, ಮೂರು ಲೋಕದ ಭಾರ ಹೊತ್ತವಳಂತೆ ಕೂರುತ್ತಿದ್ದಳು.

ಹೀಗಿರುವಾಗ ಮನೆಯ ಹಳೇ ಪತ್ರಿಕೆಗಳ ರಾಶಿಯಲ್ಲಿ ಹೆಂಡತಿಗೊಂದು ಕರಪತ್ರ ಸಿಕ್ಕಿತು. ಏಷ್ಯಾದ ಮೂಲೆಯೊಂದರ ದಟ್ಟ ಕಾಡು, ನದಿ, ಆನೆಗಳು, ಹತ್ತು ದಿನದ ಪ್ರವಾಸ, ಹೊರಡುವುದು ಒಂದೇ ತಾರೀಖಿಗೆ. ಯಾವ ಪುಣ್ಯಾತ್ಮ ಅದನ್ನಲ್ಲಿ ಇಟ್ಟನೋ! ಅದೇ ಸಂಜೆ ಎರಡು ಟಿಕೆಟ್ಟು ತೆಗೆಸಿದ್ದಾಯಿತು. ಮೂರನೆಯದು ಇಲ್ಲ. ಅಮ್ಮನಿಗೆ ಹೇಳಲು ಒಂದು ಸುಳ್ಳೂ ತಯಾರಾಯಿತು: ಗಡಿಯಾರ ಕಂಪನಿಯ ತರಬೇತಿ.

ಉಳಿದದ್ದು ಸೊಳ್ಳೆ. ಆ ಕಾಡಿನ ಸೊಳ್ಳೆ ಎಂದರೆ ಸಾಮಾನ್ಯವೇ? ಎರಡು ಸೇರಿದರೆ ಆನೆಯನ್ನೇ ಎತ್ತಿಕೊಂಡು ಹೋಗುತ್ತವೆ ಎಂದು ಗಡಿಯಾರದವನು ನಂಬಿದ್ದ. ಮಲೇರಿಯಾ ಬಾರದಂತೆ ಮಾತ್ರೆ ನುಂಗಲೇಬೇಕು. ಅದೂ ಅಮ್ಮನ ಕಣ್ಣು ತಪ್ಪಿಸಿ. ಮೂವತ್ತೈದು ವರ್ಷ ಅಂಚೆ ವಿಂಗಡಿಸಿದ ಕಣ್ಣು ಅದು. ಮುಚ್ಚಿದ ಲಕೋಟೆ ನೋಡಿ ಒಳಗಿನ ಕಾಗುಣಿತದ ತಪ್ಪು ಹೇಳುವಂಥದ್ದು.

"ಮೂರು ಥರ ಇದೆ," ಎಂದರು ಡಾಕ್ಟರಮ್ಮ. "ಇದು ದಿನಕ್ಕೊಂದು. ಹೊರಡೋಕೆ ಒಂದೆರಡು ದಿನ ಮುಂಚೆ ಶುರು, ವಾಪಸ್ ಬಂದ್ಮೇಲೆ ಒಂದು ವಾರ. ದಿನಾ ಅದೇ ಹೊತ್ತಿಗೆ, ಊಟದ ಜೊತೆ."

"ಊಟದ ಜೊತೆಗಾ? ಬೇಡಿ," ಎಂದಳು ಹೆಂಡತಿ. "ನಮ್ಮತ್ತೆ ನಾವು ನುಂಗೋ ತುತ್ತೂ ಎಣಿಸ್ತಾರೆ."

"ಹಾಗಾದ್ರೆ ಇದು. ಇದೂ ದಿನಕ್ಕೊಂದೇ. ಬಿಸಿಲಿಗೆ ಮೈ ಬೇಗ ಸುಡುತ್ತೆ, ನೋಡ್ಕೋಬೇಕು."

"ಅಯ್ಯೋ, ತರಬೇತಿಗೆ ಹೋದೋನು ಟೊಮೇಟೊ ಆಗಿ ವಾಪಸ್ ಬಂದ್ರೆ ಅಮ್ಮ ಏನಂತಾಳೆ?"

ಡಾಕ್ಟರಮ್ಮ ಕನ್ನಡಕ ಮೇಲೇರಿಸಿದರು. "ಕೊನೇದು ವಾರಕ್ಕೊಂದು. ಎರಡು ಮೂರು ವಾರ ಮುಂಚೆ ಶುರು ಮಾಡ್ಬೇಕು, ಬಂದ್ಮೇಲೆ ನಾಲ್ಕು ವಾರ. ಮೂರ್ಛೆ, ಮನಸ್ಸಿನ ಕಾಯಿಲೆ ಏನೂ ಇಲ್ಲ ತಾನೆ? ಕೆಲವರಿಗೆ ತಲೆಸುತ್ತು, ಹೊಟ್ಟೆ ತೊಳಸೋದು, ನಿದ್ದೆ ಕೆಡೋದು, ಚಿತ್ರವಿಚಿತ್ರ ಕನಸು... ಜಾಸ್ತಿ ಆದ್ರೆ ಬಂದು ಹೇಳಿ. ಏನೇ ನುಂಗಿದ್ರೂ ಸೊಳ್ಳೆಪರದೆ, ತುಂಬು ತೋಳಿನ ಬಟ್ಟೆ ಮರೀಬೇಡಿ."

"ಇದೇ ಇರ್ಲಿ," ಎಂದರು ಇಬ್ಬರೂ ಒಟ್ಟಿಗೆ. ಭಾನುವಾರ ಬೆಳಗ್ಗೆ ಅಮ್ಮ ಗೆಳತಿಯರ ಜೊತೆ ವಾಕಿಂಗ್ ಹೋಗುತ್ತಾಳೆ. ಮನೆ ಖಾಲಿ.

"ಮನೆಯೋರಿಗೆ ಗೊತ್ತಾಗಬಾರದು ಅನ್ನೋರೆಲ್ಲ ಇದನ್ನೇ ಕೇಳ್ತಾರಪ್ಪ," ಎಂದು ಡಾಕ್ಟರಮ್ಮ ಚೀಟಿ ಹರಿದುಕೊಟ್ಟರು. "ಮೊನ್ನೆಯೂ ಹೀಗೇ ಆಯ್ತು."

ಮೂರು ಭಾನುವಾರ ಕಳೆದವು. ಮೂರು ಸಲ ಅಮ್ಮ ವಾಕಿಂಗ್ ಹೋದಳು, ಮೂರು ಸಲ ಇವರು ಕಳ್ಳರಂತೆ ಬಾಗಿಲು ಹಾಕಿಕೊಂಡು ನುಂಗಿದರು. ಇಬ್ಬರಿಗೂ ಏನೂ ಆಗಲಿಲ್ಲ, ಕೊರಡಿನಂತೆ ನಿದ್ದೆ. ಈಗ ನೋಡಿದರೆ ಅಮ್ಮನ ಬಾಯಲ್ಲಿ ಆನೆ.

ತಡ ಮಾಡಿದರೆ ಕೆಟ್ಟೆವೆಂದು ಗಡಿಯಾರದವನು ಒಂದೇ ಉಸಿರಿಗೆ ಒದರಿದ. "ಅಮ್ಮಾ, ಬುಧವಾರ ಕಂಪನಿ ತರಬೇತಿ ಇದೆ. ಇವಳೂ ಬರಬೇಕಂತೆ." ಅಭ್ಯಾಸಬಲದಿಂದ "ನೀನೂ ಬಾ" ನಾಲಿಗೆಯ ತುದಿಗೆ ಬಂತು. ಕಚ್ಚಿ ಹಿಡಿದ.

"ಎಷ್ಟು ದಿನ?"

"ಹತ್ತು."

"ಹತ್ತೇನಾ?" ಅಮ್ಮನ ಮುಖ ಸಣ್ಣಗಾಯಿತು. "ಎಷ್ಟು ಹೊತ್ತಿಗೆ ಹೊರಡ್ತೀರಿ?"

"ಬೆಳಗ್ಗೆ ಏಳಕ್ಕೆ."

"ಸರಿಯಾಗಿ ಏಳಕ್ಕೆ ತಾನೆ?"

ಮಧ್ಯಾಹ್ನ ಅವಳು ಹೊಲಿಗೆ ಯಂತ್ರದ ಮುಂದೆ ಕೂತು ತನ್ನ ರವಿಕೆಗಳಿಗೆಲ್ಲ ಮುಂಗೈವರೆಗೆ ತೋಳು ಹಚ್ಚುತ್ತಿದ್ದುದನ್ನು ಹೆಂಡತಿ ಕಂಡಳು.

"ರೀ, ಮುಗೀತು ಕಥೆ. ಅತ್ತೆ ನಮ್ಮ ಹಿಂದೇನೇ ಬರ್ತಾರೆ."

ಬುಧವಾರ ಅಮ್ಮ ಬಾಗಿಲಿಗೆ ಬಂದು ಕೈ ಬೀಸಿದಳು. ಅಳಲಿಲ್ಲ, ತಡೆಯಲಿಲ್ಲ. ಇವರು ಮೊದಲ ಮೆಟ್ಟಿಲು ಇಳಿಯುವ ಮೊದಲೇ ಬಾಗಿಲು ಮುಚ್ಚಿಕೊಂಡಿತು. ಆದರೂ ಗಡಿಯಾರದವನು ಎರಡು ಸಲ ಟ್ಯಾಕ್ಸಿ ಬದಲಿಸಿದ. ಅರ್ಧ ಊರು ಸುತ್ತಿಸಿದ. ಪತ್ತೇದಾರನೊಬ್ಬ ಹಿಂದೆ ಬಿದ್ದಿದ್ದರೆ ದಿಕ್ಕು ತಪ್ಪಿ ಅಳುತ್ತಿದ್ದ. ವಿಮಾನದ ಕೊನೆಯ ಸಾಲಿನಲ್ಲಿ ಕೂತು ಒಳಬಂದ ಒಂದೊಂದು ತಲೆಯನ್ನೂ ಪರೀಕ್ಷಿಸಿದ. ಅಮ್ಮ ಇಲ್ಲ. ಹೆಂಡತಿ ಆರು ವರ್ಷದ ಉಸಿರನ್ನು ಒಮ್ಮೆಗೇ ಬಿಟ್ಟು ಅವನ ಹೆಗಲಿಗೆ ತಲೆ ಆನಿಸಿದಳು. ನಲವತ್ತೆರಡನೆಯ ನಿಮಿಷ ಶುರುವಾಗಿತ್ತು.

ವಿಮಾನದ ಬಾಗಿಲು ಇನ್ನೇನು ಮುಚ್ಚಬೇಕು, ಮೂವರು ಹೆಂಗಸರು ಏದುಸಿರು ಬಿಡುತ್ತ, ಕಿಲಕಿಲ ನಗುತ್ತ ಒಳಗೆ ನುಗ್ಗಿದರು. ಇಬ್ಬರು ವಾಕಿಂಗ್ ಗೆಳತಿಯರು. ಮುಂದೆ ಉದ್ದ ತೋಳಿನ ರವಿಕೆಯ ಅಮ್ಮ. ಕಿವಿಯಲ್ಲಿ ಹತ್ತಿ ಇರಲಿಲ್ಲ. ಕೊನೆಯ ಸಾಲಿಗೆ ಬಂದವಳು ಮಗ ಸೊಸೆಯನ್ನು ಕಂಡಳು, ನಗು ಬತ್ತಿಹೋಯಿತು, ಖಾಲಿ ಸೀಟಿನಲ್ಲಿ ಕುಸಿದು ಕೂತಳು.

"ಆರು ವರ್ಷ ನೀವು ಕರೆದಲ್ಲಿಗೆಲ್ಲ ಬಾಯಿ ಮುಚ್ಕೊಂಡು ಬಂದೆ ಕಣೋ, ಒಂದೇ ಒಂದು ಸಲ ನಿಮ್ಮಿಬ್ಬರನ್ನ ಬಿಟ್ಟು ಹೋಗೋಣ ಅಂತ ಮೂರು ಭಾನುವಾರ ಕದ್ದು ಮಾತ್ರೆ ನುಂಗಿದ್ದೀನಿ, ಇಲ್ಲಿಗೂ ಬಂದ್ಬಿಟ್ರಾ?"