ಕಣ್ಣು ನೆಡುವ ಜಾಗ

ಸಂಗೀತ ಏರುತ್ತಿತ್ತು, ಮಂಜಿರಿ ತಿರುಗಲೇಬೇಕಿತ್ತು. ಆದರೆ ಭಾಲ್ಕಿಯ ಈ ವೇದಿಕೆಯಲ್ಲಿ ಕಣ್ಣು ನೆಡಲು ಜಾಗವೇ ಇರಲಿಲ್ಲ. ಅವಳು ಮುಖ ಮಾಡಿದ್ದ ಪಕ್ಕದಲ್ಲಿ ಬರೀ ಕಪ್ಪು ಪರದೆ. ಬೀದರಿನ ಬ್ಯಾಲೆ ತರಗತಿಯ ಗೋಡೆಗೆ ಗೆಳತಿ ಶಿವಾನಿ ತನ್ನ ಹಣೆಯಿಂದ ತೆಗೆದು ಅಂಟಿಸಿದ ಕೆಂಪು ಟಿಕಳಿ ಇತ್ತು. ಮೈ ತಿರುಗಿದಷ್ಟು ಸಲವೂ ಕಣ್ಣು ಅದಕ್ಕೇ ಮರಳುತ್ತಿತ್ತು. ಗುರಿ ತಪ್ಪಿದರೆ ತಲೆ ಸುತ್ತಿ ಬೀಳುವುದೇ, ನಿನ್ನೆ ಇದೇ ವೇದಿಕೆಯ ಅಭ್ಯಾಸದಲ್ಲಿ ಬಿದ್ದ ಹಾಗೆ.

ಆ ಪರದೆಯ ಅಂಚಿನಲ್ಲಿ, ಪ್ರೇಕ್ಷಕರಿಗೆ ಕಾಣದಂತೆ, ಶಿವಾನಿ ನಿಂತಿದ್ದಳು. ಕಾಲು ಉಳುಕುವವರೆಗೂ ಈ ಪಾತ್ರ ಅವಳದೇ ಆಗಿತ್ತು. "ನನ್ನ ಪಾತ್ರ ಕೆಡಿಸಿದಿ ಅಂದ್ರ ನೋಡು ಮತ್ತ," ಎಂದು ಬಣ್ಣ ಹಚ್ಚುವಾಗಲೇ ಚುಚ್ಚಿದ್ದಳು. ಹಿಂದೊಮ್ಮೆ ಹೈದರಾಬಾದಿನಲ್ಲಿ ಇಬ್ಬರೂ ಬ್ಯಾಲೆ ನೋಡುತ್ತ ಕುಳಿತಾಗ ಪಿಸುಗುಟ್ಟಿದವಳೂ ಅವಳೇ: "ಕಾಲೇನ್ ನೋಡ್ತಿ ಲೇ, ಆಕಿ ಕಣ್ಣ ನೋಡು. ಮೈ ತಿರಗ್ತದ, ಕಣ್ಣ ಅಲ್ಲೇ ನಿಂತಾವ."

ಮೊದಲ ಸುತ್ತಿಗೇ ಮಂಜಿರಿಯ ನೋಟ ಕತ್ತಲಲ್ಲಿ ಜಾರಿತು, ಪಾದ ಅಲುಗಿತು. ಶಿವಾನಿ ತುಟಿ ಕಚ್ಚಿದಳು. ಮರುಕ್ಷಣವೇ ಊರಿದ್ದ ಕೋಲನ್ನು ಬಿಟ್ಟು, ತನ್ನ ಕೆಂಪು ಓಢಣಿಯನ್ನು ಎರಡೂ ಕೈಯಲ್ಲಿ ಮುದ್ದೆ ಮಾಡಿ ಮುಖದೆತ್ತರಕ್ಕೆ ಹಿಡಿದಳು.

ಮಂಜಿರಿ ತಿರುಗಿದಳು. ಕೆಂಪು ಅಲ್ಲೇ ಇತ್ತು. ಮತ್ತೆ ತಿರುಗಿದಳು, ಮತ್ತೂ ತಿರುಗಿದಳು. ಶಿವಾನಿಯ ಉಳುಕಿದ ಕಾಲು ಗಡಗಡ ನಡುಗುತ್ತಿತ್ತು. ಕೈ ಮಾತ್ರ ಅಲುಗಲಿಲ್ಲ.